ಹೊಸ ಗ್ರಾಫಿಕ್ಸ್ ಕಾರ್ಡ್‌ಗೆ ಈಗಿರುವ ಎಸ್‌ಎಂಪಿಎಸ್ ಸಾಕೇ? ಪರೀಕ್ಷಿಸುವ ಬಗೆ

ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮುನ್ನ ಬಹುತೇಕರು ನೋಡುವುದು ಒಂದೇ ಅಂಕಿ: ಎಸ್‌ಎಂಪಿಎಸ್ (ಗೋಡೆಯ ವಿದ್ಯುತ್ತನ್ನು ಕಂಪ್ಯೂಟರಿನ ಭಾಗಗಳಿಗೆ ಬೇಕಾದಂತೆ ಬದಲಿಸಿ ಕೊಡುವ ಪೆಟ್ಟಿಗೆ) ಮೇಲೆ ದಪ್ಪಕ್ಷರದಲ್ಲಿರುವ 500 ಅಥವಾ 650 ವ್ಯಾಟ್. ಕಾರ್ಡ್ ತಯಾರಕರೂ ಅದೇ ಅಂಕಿ ಹೇಳಿದ್ದರೆ ಲೆಕ್ಕ ಮುಗಿಯಿತು ಅಂದುಕೊಳ್ಳುತ್ತಾರೆ. ಅಷ್ಟಕ್ಕೇ ನಿಲ್ಲಬೇಡಿ. ಕಾರ್ಡ್‌ಗೆ ಬೇಕಿರುವುದು 12 ವೋಲ್ಟ್ ಕರೆಂಟು. ಅದು ನಿಮ್ಮ ಎಸ್‌ಎಂಪಿಎಸ್‌ನಲ್ಲಿ ಎಷ್ಟಿದೆ, ಯಾವ ಕೇಬಲ್ ಮೂಲಕ ಕಾರ್ಡ್ ತಲುಪುತ್ತದೆ, ಕಾರ್ಡ್ ಒಮ್ಮೆಲೇ ಹೆಚ್ಚು ಎಳೆದಾಗ ಎಸ್‌ಎಂಪಿಎಸ್ ತಡೆದುಕೊಳ್ಳುತ್ತದೆಯೇ ಎಂಬ ಮೂರಕ್ಕೂ ಉತ್ತರ ಸಿಗಬೇಕು. ಇದಕ್ಕೆ ಒಂದು ಸ್ಕ್ರೂಡ್ರೈವರ್, ಫೋನಿನ ಟಾರ್ಚು, ಕಾಗದ ಮತ್ತು ಪೆನ್ನು ಇದ್ದರೆ ಸಾಕು.

ಲೇಬಲ್ ಓದುವುದು

ಕಂಪ್ಯೂಟರ್ ಶಟ್‌ಡೌನ್ ಮಾಡಿ, ಎಸ್‌ಎಂಪಿಎಸ್ ಹಿಂಭಾಗದ ಸ್ವಿಚ್ ಆಫ್ ಮಾಡಿ, ಗೋಡೆಯ ಪ್ಲಗ್ ಕಿತ್ತುಬಿಡಿ. ಆಮೇಲೆ ಕ್ಯಾಬಿನೆಟ್‌ನ ಪವರ್ ಬಟನ್ನನ್ನು ಐದಾರು ಸೆಕೆಂಡ್ ಒತ್ತಿ ಹಿಡಿಯಿರಿ. ಮದರ್‌ಬೋರ್ಡ್‌ನಲ್ಲಿ ಉಳಿದ ಅಲ್ಪಸ್ವಲ್ಪ ಚಾರ್ಜ್ ಖಾಲಿಯಾಗುತ್ತದೆ. ಈಗ ಎರಡೂ ಬದಿಯ ಮುಚ್ಚಳ ತೆಗೆಯಿರಿ. ಲೇಬಲ್ ಸಾಮಾನ್ಯವಾಗಿ ಎಸ್‌ಎಂಪಿಎಸ್‌ನ ಒಂದು ಮಗ್ಗುಲಲ್ಲಿ ಇರುತ್ತದೆ. ಕೆಲವು ಕ್ಯಾಬಿನೆಟ್‌ಗಳಲ್ಲಿ ಅದು ಒಳಗಿನ ತಗಡಿಗೆ ಮುಖ ಮಾಡಿಕೊಂಡು ಕಾಣದಂತೆ ಕೂತಿರುತ್ತದೆ. ಸಂದಿಗೆ ಫೋನ್ ತೂರಿಸಿ ಫೋಟೊ ತೆಗೆಯಲು ನೋಡಿ. ಆಗದಿದ್ದರೆ ಹಿಂಭಾಗದ ನಾಲ್ಕು ಸ್ಕ್ರೂ ಬಿಚ್ಚಿ, ಕೇಬಲ್‌ಗಳನ್ನು ಕೀಳದೆಯೇ ಎಸ್‌ಎಂಪಿಎಸ್ಸನ್ನು ಸ್ವಲ್ಪ ಹೊರಗೆಳೆದರೆ ಲೇಬಲ್ ಕಾಣುತ್ತದೆ. ಎಸ್‌ಎಂಪಿಎಸ್‌ನ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟ್‌ಗಿಂತ ಹೆಚ್ಚು ಉಳಿದಿರಬಹುದು, ಅದು ಪ್ರಾಣಕ್ಕೇ ಅಪಾಯ.

ಲೇಬಲ್ ಮೇಲೆ ಒಂದು ಕೋಷ್ಟಕ ಇರುತ್ತದೆ: 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್ ಎಂಬ ಕಂಬಗಳು, ಪ್ರತಿಯೊಂದರ ಕೆಳಗೆ ಗರಿಷ್ಠ ಆಂಪ್. ನಿಮಗೆ ಬೇಕಾದದ್ದು 12 ವೋಲ್ಟ್ ಕಂಬ. ಅಲ್ಲಿನ ಆಂಪನ್ನು 12ರಿಂದ ಗುಣಿಸಿ. ಒಳ್ಳೆಯ 650 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ ಅಲ್ಲಿ 54 ಆಂಪ್ ಎಂದಿರುತ್ತದೆ; 54 × 12 = 648 ವ್ಯಾಟ್. ಅಂದರೆ ಹೇಳಿಕೊಂಡ ಶಕ್ತಿಯೆಲ್ಲ ಬೇಕಾದ ಕಡೆಯೇ ಇದೆ. ಇನ್ನು ‘500 ವ್ಯಾಟ್’ ಎಂದು ದೊಡ್ಡದಾಗಿ ಬರೆದು, 12 ವೋಲ್ಟ್ ಕಂಬದಲ್ಲಿ 25 ಆಂಪ್ ತೋರಿಸುವ ಎಸ್‌ಎಂಪಿಎಸ್ ತೆಗೆದುಕೊಳ್ಳಿ. 25 × 12 = 300. ಉಳಿದ 200 ವ್ಯಾಟ್ 3.3 ಮತ್ತು 5 ವೋಲ್ಟ್ ಕಂಬಗಳಲ್ಲಿ ಹಂಚಿಹೋಗಿದೆ. ಇಂದಿನ ಪ್ರೊಸೆಸರ್‌ಗಾಗಲಿ ಗ್ರಾಫಿಕ್ಸ್ ಕಾರ್ಡ್‌ಗಾಗಲಿ ಅದರಿಂದ ಉಪಯೋಗವಿಲ್ಲ. ಇದನ್ನು 300 ವ್ಯಾಟ್‌ನ ಎಸ್‌ಎಂಪಿಎಸ್ ಎಂದೇ ಲೆಕ್ಕ ಹಾಕಿ.

ಹಳೆಯ ಮಾದರಿಗಳಲ್ಲಿ 12 ವೋಲ್ಟ್‌ಗೆ ಎರಡು ಕಂಬ ಇರುವುದುಂಟು. ಎರಡರಲ್ಲೂ 18 ಆಂಪ್ ಎಂದಿದ್ದರೆ 36 ಆಂಪ್, ಅಂದರೆ 432 ವ್ಯಾಟ್ ಎಂದು ಕೂಡಿಬಿಡಬೇಡಿ. ಅದರ ಕೆಳಗಿನ ಸಾಲಿನಲ್ಲಿ ಎರಡೂ ಸೇರಿ ಗರಿಷ್ಠ ಎಷ್ಟು ಎಂದು ಬೇರೆಯಾಗಿ ಬರೆದಿರುತ್ತಾರೆ, ಉದಾಹರಣೆಗೆ 360 ವ್ಯಾಟ್. ಆ ಸಾಲಿನ ಅಂಕಿಯೇ ಅಂತಿಮ. 12 ವೋಲ್ಟ್‌ನ ಆಂಪ್ ಎಷ್ಟೆಂದೇ ಬರೆಯದ ಎಸ್‌ಎಂಪಿಎಸ್ ಆಗಿದ್ದರೆ ಮುಂದಿನ ಪರೀಕ್ಷೆ ಬೇಡ, ಅದನ್ನು ಬದಲಿಸುವುದೇ ಸರಿ.

ಹಿಂಭಾಗದಲ್ಲಿ 115/230 ಎಂದು ಬರೆದ ಕೆಂಪು ಜಾರುಗುಂಡಿ ಇದೆಯೇ ನೋಡಿ. ಇದ್ದರೆ ಅದು ಹಳೆಯ ವಿನ್ಯಾಸ. ಇಂಥವುಗಳಲ್ಲಿ ಹೆಚ್ಚಿನವು 12 ಮತ್ತು 5 ವೋಲ್ಟ್‌ಗಳನ್ನು ಒಟ್ಟಿಗೇ ನಿಯಂತ್ರಿಸುತ್ತವೆ. 12 ವೋಲ್ಟ್ ಮೇಲೆ ಭಾರ ಬಿದ್ದು 5 ವೋಲ್ಟ್ ಹಗುರಾಗಿದ್ದಾಗ 12 ವೋಲ್ಟ್ ಕುಸಿಯುತ್ತದೆ. ಗ್ರಾಫಿಕ್ಸ್ ಕಾರ್ಡ್ ಹಾಕಿದಾಗ ಆಗುವುದು ನಿಖರವಾಗಿ ಅದೇ. ಆ ಗುಂಡಿಯನ್ನು ಆಟಕ್ಕೂ ಮುಟ್ಟಬೇಡಿ: 230 ವೋಲ್ಟ್ ಇರುವಲ್ಲಿ ಅದನ್ನು 115ಕ್ಕೆ ಸರಿಸಿ ಆನ್ ಮಾಡಿದರೆ ಎಸ್‌ಎಂಪಿಎಸ್ ಅಲ್ಲೇ ಸುಟ್ಟುಹೋಗುತ್ತದೆ.

80 ಪ್ಲಸ್ ಬ್ರಾಂಝ್, ಗೋಲ್ಡ್ ಎಂಬ ಮುದ್ರೆಗಳ ಬಗ್ಗೆ ಒಂದು ಮಾತು. ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಒಳಗಿನ ಭಾಗಗಳಿಗೆ ತಲುಪುತ್ತದೆ, ಎಷ್ಟು ಬಿಸಿಯಾಗಿ ಹೋಗುತ್ತದೆ ಎಂಬುದನ್ನು ಮಾತ್ರ ಅವು ಹೇಳುತ್ತವೆ. ಗೋಲ್ಡ್ ಇದ್ದ ಮಾತ್ರಕ್ಕೆ ಹೆಚ್ಚು ಭಾರ ಹೊರುತ್ತದೆ ಎಂದಲ್ಲ. ಲೇಬಲ್‌ನ ವ್ಯಾಟ್ ಒಳಗೆ ಕೊಡುವ ಶಕ್ತಿ, ಗೋಡೆಯಿಂದ ಎಳೆಯುವುದಲ್ಲ. ಹಾಗಾಗಿ ಪ್ಲಗ್‌ಗೆ ಹಾಕುವ ವ್ಯಾಟ್ ಮೀಟರ್ 400 ತೋರಿಸಿದರೆ, ಶೇ. 90ರಷ್ಟು ದಕ್ಷತೆಯ ಎಸ್‌ಎಂಪಿಎಸ್ ಮೇಲೆ ನಿಜವಾಗಿ ಬಿದ್ದಿರುವ ಭಾರ 360 ವ್ಯಾಟ್.

ಒಟ್ಟು ಎಷ್ಟು ಬೇಕು

ಕಾರ್ಡ್‌ನ ಬಳಕೆಯನ್ನು ಚಿಪ್ ತಯಾರಕರ ಪುಟದಿಂದ ತೆಗೆದುಕೊಳ್ಳಿ. ಎನ್‌ವಿಡಿಯಾದ ಆರ್‌ಟಿಎಕ್ಸ್ 4060 115 ವ್ಯಾಟ್, 4070 200 ವ್ಯಾಟ್, 5070 250 ವ್ಯಾಟ್, 4080 320 ವ್ಯಾಟ್, 4090 450 ವ್ಯಾಟ್, 5090 575 ವ್ಯಾಟ್. ಎಎಂಡಿಯ ಆರ್‌ಎಕ್ಸ್ 6600 132 ವ್ಯಾಟ್, 7600 165 ವ್ಯಾಟ್, 7800 ಎಕ್ಸ್‌ಟಿ 263 ವ್ಯಾಟ್, 7900 ಎಕ್ಸ್‌ಟಿಎಕ್ಸ್ 355 ವ್ಯಾಟ್. ಇವು ಮೂಲ ವಿನ್ಯಾಸದ ಅಂಕಿಗಳು. ಬೇರೆ ಬೇರೆ ಕಂಪನಿಗಳು ಅದೇ ಚಿಪ್ ಹಾಕಿ, ವೇಗ ಹೆಚ್ಚಿಸಿ ಮಾರುವ ಕಾರ್ಡ್‌ಗಳು ಇದಕ್ಕಿಂತ ಹೆಚ್ಚು ಎಳೆಯಬಹುದು. ನೀವು ಕೊಳ್ಳುವ ಮಾದರಿಯ ಪುಟದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಬರೆದುಕೊಳ್ಳಿ.

ಹೆಚ್ಚಿನವರ ಲೆಕ್ಕ ತಪ್ಪುವುದು ಪ್ರೊಸೆಸರ್ ವಿಷಯದಲ್ಲಿ. ಪೆಟ್ಟಿಗೆಯ ಮೇಲೆ ಟಿಡಿಪಿ ಎಂದು ಬರೆದಿರುವ ವ್ಯಾಟ್ ಅಂಕಿ ಗರಿಷ್ಠ ಬಳಕೆ ಅಲ್ಲ. ಇಂಟೆಲ್‌ನ ಐ5-12400ಗೆ 65 ವ್ಯಾಟ್ ಎಂದಿದ್ದರೂ ಟರ್ಬೊ ವೇಗದಲ್ಲಿ (ಅದು ತಾನಾಗಿ ವೇಗ ಹೆಚ್ಚಿಸಿಕೊಂಡಾಗ) ಅದರ ಮಿತಿ 117 ವ್ಯಾಟ್. ಐ9-13900ಕೆಗೆ 125 ಎಂದಿದೆ, ಮಿತಿ 253. ಎಎಂಡಿ ರೈಝನ್‌ನಲ್ಲಿ 105 ವ್ಯಾಟ್ ಎಂದು ಬರೆದ ಪ್ರೊಸೆಸರ್ 142 ವ್ಯಾಟ್‌ವರೆಗೆ, 170 ವ್ಯಾಟ್‌ನದು 230 ವ್ಯಾಟ್‌ವರೆಗೆ ಎಳೆಯಬಹುದು. ಲೆಕ್ಕಕ್ಕೆ ಈ ಮೇಲಿನ ಮಿತಿಯನ್ನೇ ಹಿಡಿಯಿರಿ. ಆಟ ಆಡುವಾಗ ಪ್ರೊಸೆಸರ್ ಅಷ್ಟು ಎಳೆಯುವುದು ಅಪರೂಪ, ನಿಜ. ಆದರೆ ವಿಡಿಯೊ ರೆಂಡರ್ ಮಾಡುವಾಗ, ಕೆಲವು ಆಟಗಳು ಶೇಡರ್ (ದೃಶ್ಯ ಮೂಡಿಸುವ ಸಣ್ಣ ಪ್ರೋಗ್ರಾಂಗಳು) ಸಿದ್ಧಪಡಿಸಿಕೊಳ್ಳುವಾಗ ಎಲ್ಲ ಕೋರ್‌ಗಳೂ ಒಟ್ಟಿಗೆ ದುಡಿಯುತ್ತವೆ.

ಉಳಿದ ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್‌ಗಳು, ಯುಎಸ್‌ಬಿಗೆ ಸಿಕ್ಕಿಸಿದವು ಎಲ್ಲ ಸೇರಿ 60ರಿಂದ 75 ವ್ಯಾಟ್ ಎಂದು ಹಿಡಿದರೆ ಸಾಮಾನ್ಯ ಕಂಪ್ಯೂಟರಿಗೆ ಸಾಕು. ಹಾರ್ಡ್ ಡಿಸ್ಕ್‌ಗಳು ಮೂರು ನಾಲ್ಕು ಇದ್ದರೆ ಒಂದೊಂದಕ್ಕೂ 10 ವ್ಯಾಟ್ ಸೇರಿಸಿ. ಇವೆಲ್ಲ 12 ವೋಲ್ಟ್ ಬಳಸುವುದಿಲ್ಲವಾದರೂ ಈಗಿನ ಎಸ್‌ಎಂಪಿಎಸ್‌ಗಳು 5 ಮತ್ತು 3.3 ವೋಲ್ಟನ್ನು 12 ವೋಲ್ಟ್‌ನಿಂದಲೇ ತಯಾರಿಸುವುದರಿಂದ ಎಲ್ಲವನ್ನೂ 12 ವೋಲ್ಟ್ ಲೆಕ್ಕಕ್ಕೇ ಹಾಕಿ.

ಉದಾಹರಣೆಗೆ 105 ವ್ಯಾಟ್ ರೈಝನ್ ಜೊತೆಗೆ ಆರ್‌ಎಕ್ಸ್ 7800 ಎಕ್ಸ್‌ಟಿ: 142 + 263 + 70 = 475 ವ್ಯಾಟ್. ಕ್ಯಾಬಿನೆಟ್‌ನಲ್ಲಿರುವುದು 12 ವೋಲ್ಟ್‌ನಲ್ಲಿ 45 ಆಂಪ್ ಕೊಡುವ 550 ವ್ಯಾಟ್ ಎಸ್‌ಎಂಪಿಎಸ್ ಆದರೆ ಅದರ ಸಾಮರ್ಥ್ಯ 540 ವ್ಯಾಟ್, ಭಾರ ಶೇ. 88. ಓಡಬಹುದು, ಆದರೆ ಅಂಚಿನಲ್ಲಿ ನಿಂತಿದೆ. 54 ಆಂಪ್‌ನ 650 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ ಅದೇ ಭಾರ ಶೇ. 73. ನಮ್ಮ ಸಲಹೆ ಇಷ್ಟು: ಒಟ್ಟು ಬಳಕೆ 12 ವೋಲ್ಟ್ ಸಾಮರ್ಥ್ಯದ ಶೇ. 75ರೊಳಗಿದ್ದರೆ ಧೈರ್ಯವಾಗಿ ಹಾಕಿ. 75ರಿಂದ 85ರ ನಡುವೆ ಇದ್ದರೆ ಎಸ್‌ಎಂಪಿಎಸ್‌ನ ಗುಣಮಟ್ಟ, ವಯಸ್ಸು ನೋಡಿ ನಿರ್ಧರಿಸಿ. ಅದಕ್ಕೂ ಮೇಲಾದರೆ ಬದಲಿಸಿ.

ಎಎಂಡಿ ಈ ಕಾರ್ಡ್‌ಗೆ 700 ವ್ಯಾಟ್ ಶಿಫಾರಸು ಮಾಡುತ್ತದಲ್ಲ, ಮತ್ತೆ 650 ಹೇಗೆ ಸಾಕು ಎಂಬ ಪ್ರಶ್ನೆ ಬರುತ್ತದೆ. ನಿಮ್ಮಲ್ಲಿರುವ ಪ್ರೊಸೆಸರ್ ಯಾವುದೆಂದು ಕಾರ್ಡ್ ತಯಾರಕರಿಗೆ ತಿಳಿಯದು. ಎಸ್‌ಎಂಪಿಎಸ್ ಲೇಬಲ್ ಎಷ್ಟು ಪ್ರಾಮಾಣಿಕ ಎಂಬುದೂ ತಿಳಿಯದು. ಹಾಗಾಗಿ ಅವರ ಅಂಕಿಯಲ್ಲಿ ಒಂದಿಷ್ಟು ಮುನ್ನೆಚ್ಚರಿಕೆ ಸೇರಿರುತ್ತದೆ. 12 ವೋಲ್ಟ್ ಲೆಕ್ಕ ಮಾಡಿದವರು ಶಿಫಾರಸಿಗಿಂತ 50 ವ್ಯಾಟ್ ಕೆಳಗಿಳಿದರೆ ತೊಂದರೆಯಿಲ್ಲ. ಆದರೆ ವಾರಂಟಿ ಪ್ರಶ್ನೆ ಬಂದಾಗ ತಯಾರಕರು ತಮ್ಮ ಅಂಕಿಯನ್ನೇ ಮುಂದಿಡುತ್ತಾರೆ ಎಂಬುದು ನೆನಪಿರಲಿ.

ಕ್ಷಣದ ಏರಿಕೆ

ಶೇ. 25ರಷ್ಟು ಜಾಗ ಬಿಡಿ ಎನ್ನುವುದಕ್ಕೆ ಕಾರಣವಿದೆ. 300 ವ್ಯಾಟ್ ಕಾರ್ಡ್ ಎಂದರೆ ಸರಾಸರಿ 300. ಅದೇ ಕಾರ್ಡ್ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಹೊತ್ತು ಅದರ ಎರಡರಷ್ಟು ಎಳೆಯಬಹುದು. ಸಾಫ್ಟ್‌ವೇರ್ ಆಗಲಿ, ಪ್ಲಗ್‌ನ ಮೀಟರ್ ಆಗಲಿ ಇದನ್ನು ತೋರಿಸುವುದಿಲ್ಲ, ಆದರೆ ಎಸ್‌ಎಂಪಿಎಸ್‌ನೊಳಗಿನ ರಕ್ಷಣಾ ಸರ್ಕ್ಯೂಟ್‌ಗೆ ಕಾಣುತ್ತದೆ. ಎಲ್ಲೋ ಶಾರ್ಟ್ ಆಗಿದೆ ಎಂದು ತಿಳಿದು ಅದು ಎಲ್ಲವನ್ನೂ ಆಫ್ ಮಾಡಿಬಿಡುತ್ತದೆ. ಸರಾಸರಿ ಲೆಕ್ಕದಲ್ಲಿ ಧಾರಾಳವಾಗಿದ್ದ ಎಸ್‌ಎಂಪಿಎಸ್‌ಗಳೂ ಆರ್‌ಟಿಎಕ್ಸ್ 3080, 3090ರ ಕಾಲದಲ್ಲಿ ಹೀಗೆ ಆಫ್ ಆದದ್ದುಂಟು.

2022ರಲ್ಲಿ ಎಸ್‌ಎಂಪಿಎಸ್‌ಗಳಿಗೆ ಬಂದ ಎಟಿಎಕ್ಸ್ 3.0 ಮಾನದಂಡ ಇದಕ್ಕೆ ನೇರ ಉತ್ತರ. ಅದರ ಪ್ರಕಾರ ಕಾರ್ಡ್‌ಗೆ ನೇರ ವಿದ್ಯುತ್ ಕೊಡುವ ಹೊಸ 16 ಪಿನ್ ಕನೆಕ್ಟರ್ ಇರುವ, 450 ವ್ಯಾಟ್‌ಗಿಂತ ದೊಡ್ಡ ಎಸ್‌ಎಂಪಿಎಸ್ ತನ್ನ ಸಾಮರ್ಥ್ಯದ ಎರಡರಷ್ಟನ್ನು 100 ಮೈಕ್ರೊಸೆಕೆಂಡ್ ಹೊತ್ತು ತಡೆದುಕೊಳ್ಳಬೇಕು. ಲೇಬಲ್‌ನಲ್ಲೋ ತಯಾರಕರ ಪುಟದಲ್ಲೋ ಎಟಿಎಕ್ಸ್ 3.0 ಅಥವಾ 3.1 ಎಂದಿದ್ದರೆ ಈ ಚಿಂತೆ ಬಹುಪಾಲು ಬಿಡಬಹುದು. ಇಲ್ಲದಿದ್ದರೆ, 250 ವ್ಯಾಟ್ ಮೀರಿದ ಕಾರ್ಡ್‌ಗೆ ಹಿಂದೆ ಹೇಳಿದ ಶೇ. 75ರ ಬದಲು ಶೇ. 70ರ ಮೇಲೆ ಹೋಗಬೇಡಿ; ಉದಾಹರಣೆಯಲ್ಲಿನ ಶೇ. 73 ಎಟಿಎಕ್ಸ್ 3.0 ಅಥವಾ 3.1 ಎಸ್‌ಎಂಪಿಎಸ್ ಇದ್ದರಷ್ಟೇ ಸರಿ.

ವಯಸ್ಸನ್ನೂ ಇಲ್ಲೇ ಪರಿಗಣಿಸಿ. ಇಂಥ ಏರಿಕೆಗಳನ್ನು ತುಂಬಿಕೊಡುವುದು ಒಳಗಿನ ಕೆಪಾಸಿಟರ್‌ಗಳು; ಬಿಸಿಯಲ್ಲಿ ವರ್ಷಗಟ್ಟಲೆ ದುಡಿದಾಗ ಅವು ಕಸುವು ಕಳೆದುಕೊಳ್ಳುತ್ತವೆ. ತಯಾರಕರ ವಾರಂಟಿ ಅವಧಿ ಮುಗಿದ ಎಸ್‌ಎಂಪಿಎಸ್ ಮೇಲೆ ದುಬಾರಿ ಕಾರ್ಡ್ ನಿಲ್ಲಿಸುವುದನ್ನು ನಾವು ಒಪ್ಪುವುದಿಲ್ಲ.

ಕೇಬಲ್ ಮತ್ತು ಕನೆಕ್ಟರ್

ಮದರ್‌ಬೋರ್ಡ್‌ನಲ್ಲಿ ಕಾರ್ಡ್ ಕೂರುವ ಪಿಸಿಐಇ ಸ್ಲಾಟ್ ತಾನೇ ಕಾರ್ಡ್‌ಗೆ 75 ವ್ಯಾಟ್‌ವರೆಗೆ ಕೊಡಬಲ್ಲದು. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡ್‌ಗೆ ಎಸ್‌ಎಂಪಿಎಸ್‌ನಿಂದ ನೇರ ಕೇಬಲ್ ಬೇಕು: 6 ಪಿನ್ ಆದರೆ 75 ವ್ಯಾಟ್, 8 ಪಿನ್ ಆದರೆ 150 ವ್ಯಾಟ್, ಹೊಸ 16 ಪಿನ್ ಆದರೆ 600 ವ್ಯಾಟ್‌ವರೆಗೆ. ಕಾರ್ಡ್‌ನ ಮೇಲಂಚಿನ ಚಿತ್ರ ನೋಡಿ ಯಾವುದು, ಎಷ್ಟು ಬೇಕೆಂದು ಬರೆದುಕೊಂಡು, ಎಸ್‌ಎಂಪಿಎಸ್‌ನಿಂದ ಹೊರಟ ಕೇಬಲ್‌ಗಳನ್ನು ಎಣಿಸಿ.

ಎಣಿಸುವಾಗ ಪ್ರೊಸೆಸರ್‌ನ 8 ಪಿನ್ನನ್ನು ಕಾರ್ಡ್‌ನದೆಂದು ತಿಳಿಯಬೇಡಿ. ಎರಡೂ ಒಂದೇ ಗಾತ್ರ, ನೋಡಲು ಒಂದೇ ಥರ. ಸೀಳಿಕೊಳ್ಳುವ ಬಗೆಯಿಂದ ಗುರುತಿಸಬಹುದು: ಕಾರ್ಡ್‌ನದು 6 ಮತ್ತು 2 ಪಿನ್‌ಗಳಾಗಿ ಬೇರ್ಪಡುತ್ತದೆ, ಪ್ರೊಸೆಸರ್‌ನದು 4 ಮತ್ತು 4. ತಂತಿಗೆ ಬಣ್ಣ ಇದ್ದರೆ ಕಾರ್ಡ್‌ನದರಲ್ಲಿ ಹಳದಿ ಮೂರು, ಪ್ರೊಸೆಸರ್‌ನದರಲ್ಲಿ ನಾಲ್ಕು. ಪಿನ್‌ಗಳ ಆಕಾರ ಬೇರೆಯಾದ್ದರಿಂದ ಸುಲಭಕ್ಕೆ ಹೋಗುವುದಿಲ್ಲ. ಜೋರು ಮಾಡಿ ತುರುಕಿದರೆ 12 ವೋಲ್ಟ್ ನೇರವಾಗಿ ಗ್ರೌಂಡ್‌ಗೆ ತಾಗುತ್ತದೆ.

ಒಂದೇ ಕೇಬಲ್‌ನ ತುದಿಯಲ್ಲಿ ಎರಡು 8 ಪಿನ್ ನೇತಾಡುತ್ತಿರುತ್ತವೆ. ಕಾರ್ಡ್‌ಗೆ ಎರಡು 8 ಪಿನ್ ಬೇಕು, ಎರಡೂ ಸಿಕ್ಕಿತು ಎಂದು ಅದನ್ನೇ ಬಳಸುವ ಆಸೆ ಆಗುತ್ತದೆ. ಎರಡರಿಂದಲೂ ಪೂರ್ತಿ 300 ವ್ಯಾಟ್ ಎಳೆದರೆ 25 ಆಂಪ್ ಕರೆಂಟು ಎಸ್‌ಎಂಪಿಎಸ್ ಬದಿಯ ಮೂರು ತಂತಿಗಳಲ್ಲೇ ಹರಿಯಬೇಕು, ತಂತಿಗೆ 8 ಆಂಪ್‌ಗೂ ಮಿಕ್ಕಿ. ಕೇಬಲ್ ಬಿಸಿಯಾಗುತ್ತದೆ, ಕಾರ್ಡ್ ತಲುಪುವಷ್ಟರಲ್ಲಿ ವೋಲ್ಟೇಜ್ ಇಳಿಯುತ್ತದೆ, ಅಗ್ಗದ ಎಸ್‌ಎಂಪಿಎಸ್‌ನಲ್ಲಿ ಪ್ಲಾಸ್ಟಿಕ್ ಕಂದಿಹೋಗುತ್ತದೆ. 225 ವ್ಯಾಟ್‌ಗಿಂತ ಕಡಿಮೆ ಎಳೆಯುವ ಕಾರ್ಡ್‌ಗೆ ಒಂದೇ ಕೇಬಲ್ ನಡೆದೀತು. ಅದಕ್ಕೂ ಮೇಲಾದರೆ ಪ್ರತಿ 8 ಪಿನ್ನಿಗೂ ಎಸ್‌ಎಂಪಿಎಸ್‌ನಿಂದ ಬೇರೆ ಬೇರೆ ಕೇಬಲ್ ಎಳೆಯಿರಿ.

16 ಪಿನ್ ಕನೆಕ್ಟರ್‌ಗೆ ಇನ್ನೂ ಹೆಚ್ಚು ಎಚ್ಚರ ಬೇಕು. 600 ವ್ಯಾಟ್ ಎಂದರೆ 50 ಆಂಪ್. ಅದನ್ನು ಹೊರುವುದು ಆರು ಪಿನ್, ಒಂದೊಂದರ ಪಾಲು 8.3 ಆಂಪ್. ಆ ಪಿನ್‌ಗಳ ನಿಗದಿತ ಸಾಮರ್ಥ್ಯವೇ 9.2 ಆಂಪ್. ಹಳೆಯ 8 ಪಿನ್ನಿನಲ್ಲಿ ಒಂದು ಪಿನ್ ಪಾಲಿಗೆ ಬರುತ್ತಿದ್ದುದು ಸುಮಾರು 4.2 ಆಂಪ್ ಮಾತ್ರ. ಹೊಸದರಲ್ಲಿ ಉಳಿಕೆ ಅಷ್ಟು ಕಡಿಮೆ ಇರುವಾಗ ಒಂದೆರಡು ಪಿನ್ ಸರಿಯಾಗಿ ತಾಗದಿದ್ದರೆ ಅವುಗಳ ಪಾಲೂ ಉಳಿದ ಪಿನ್‌ಗಳ ಮೇಲೆ ಬಿದ್ದು ಕರಗುವಷ್ಟು ಬಿಸಿಯಾಗುತ್ತವೆ. 2022ರ ಕೊನೆಗೆ ಆರ್‌ಟಿಎಕ್ಸ್ 4090 ಬಂದಾಗ ಕನೆಕ್ಟರ್‌ಗಳು ಕರಗಿದ ವರದಿಗಳು ಬಂದವು. ಪೂರ್ತಿ ಒಳಗೆ ಕೂರದಿದ್ದುದು ಅದರ ಮುಖ್ಯ ಕಾರಣಗಳಲ್ಲಿ ಒಂದು. ಮರುವರ್ಷ ಬಂದ ಪರಿಷ್ಕೃತ ಕನೆಕ್ಟರ್‌ನಲ್ಲಿ ನಾಲ್ಕು ಸಣ್ಣ ಸಂಕೇತ ಪಿನ್‌ಗಳನ್ನು ಗಿಡ್ಡ ಮಾಡಿ, ದೊಡ್ಡ ಪಿನ್‌ಗಳನ್ನು ತುಸು ಉದ್ದ ಮಾಡಿದರು. ಅರ್ಧ ಮಾತ್ರ ಕೂತಿದ್ದರೆ ಸಂಕೇತ ಸಿಗದೆ ಕಾರ್ಡ್ ಭಾರ ಎಳೆಯುವುದೇ ಇಲ್ಲ.

ಸಿಕ್ಕಿಸುವಾಗ ಎರಡೂ ಬದಿಯನ್ನು ಹೆಬ್ಬೆರಳಿನಿಂದ ಸಮನಾಗಿ ಒತ್ತಿ. ಟಾರ್ಚ್ ಹಿಡಿದು ಬದಿಯಿಂದ ನೋಡಿದರೆ ಕನೆಕ್ಟರ್ ಮತ್ತು ಸಾಕೆಟ್ ನಡುವೆ ಕೂದಲೆಳೆಯಷ್ಟೂ ಸಂದಿ ಕಾಣಬಾರದು. ಆಮೇಲೆ ಮೆಲ್ಲಗೆ ಹಿಂದಕ್ಕೆ ಎಳೆದು ನೋಡಿ, ಅಲುಗಬಾರದು. ಕನೆಕ್ಟರ್‌ನಿಂದ ಕನಿಷ್ಠ 35 ಮಿಲಿಮೀಟರ್‌ವರೆಗೆ ಕೇಬಲ್ ನೇರವಾಗಿರಲಿ, ಆಮೇಲಷ್ಟೇ ಬಾಗಲಿ. ಕ್ಯಾಬಿನೆಟ್‌ನ ಗಾಜಿನ ಮುಚ್ಚಳ ಕೇಬಲನ್ನು ಒತ್ತುವಂತಿದ್ದರೆ ಆ ಕಾರ್ಡ್ ಆ ಕ್ಯಾಬಿನೆಟ್‌ಗೆ ಹೊಂದುವುದಿಲ್ಲ ಎಂದೇ ಅರ್ಥ. ಎಸ್‌ಎಂಪಿಎಸ್‌ನ 16 ಪಿನ್ ಕೇಬಲ್ ಮೇಲೆ 300, 450 ಅಥವಾ 600 ವ್ಯಾಟ್ ಎಂದು ಅಚ್ಚಾಗಿರುತ್ತದೆ; ಆ ಅಂಕಿ ಕಾರ್ಡ್‌ನ ಬಳಕೆಗಿಂತ ಕಡಿಮೆ ಇರಬಾರದು.

ಕಾರ್ಡ್ ಜೊತೆ ಬರುವ ಅಡಾಪ್ಟರ್, ಅಂದರೆ ಎರಡು, ಮೂರು ಅಥವಾ ನಾಲ್ಕು 8 ಪಿನ್ನನ್ನು 16 ಪಿನ್ನಿಗೆ ಬದಲಿಸುವಂಥದ್ದು, ಬಳಸಬಹುದು. ಅದರ ಎಲ್ಲ 8 ಪಿನ್‌ಗಳಿಗೂ ಬೇರೆ ಬೇರೆ ಕೇಬಲ್ ಇರಬೇಕು ಅಷ್ಟೇ. ಆದರೆ ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿಗಳಿಗೆ ವಿದ್ಯುತ್ ಕೊಡುವ ಸಾಟಾ ಕನೆಕ್ಟರನ್ನು 6 ಅಥವಾ 8 ಪಿನ್ನಿಗೆ ಬದಲಿಸುವ ಅಡಾಪ್ಟರ್‌ಗಳನ್ನು ದೂರ ಇಡಿ. ಸಾಟಾದಲ್ಲಿ 12 ವೋಲ್ಟ್‌ಗೆ ಮೂರು ಪಿನ್, ಒಂದೊಂದೂ 1.5 ಆಂಪ್, ಒಟ್ಟು 54 ವ್ಯಾಟ್. ಅದರಿಂದ 75 ಅಥವಾ 150 ವ್ಯಾಟ್ ಎಳೆದರೆ ಕರಗುವ ಅಪಾಯವಿದೆ. ಎಸ್‌ಎಂಪಿಎಸ್‌ನಲ್ಲಿ ಬೇಕಾದಷ್ಟು 8 ಪಿನ್ ಇಲ್ಲ ಎಂಬುದೇ, ಅಷ್ಟು ಭಾರಕ್ಕೆ ತಯಾರಕರು ಅದನ್ನು ಮಾಡಿಲ್ಲ ಎಂಬುದರ ಸುಳಿವು.

ಬಿಚ್ಚಿ ಹಾಕಬಹುದಾದ ಕೇಬಲ್‌ಗಳ ಎಸ್‌ಎಂಪಿಎಸ್ ಇದ್ದರೆ ಇನ್ನೊಂದು ಎಚ್ಚರಿಕೆ: ಒಂದು ಕಂಪನಿಯ ಕೇಬಲ್ ಇನ್ನೊಂದಕ್ಕೆ, ಕೆಲವೊಮ್ಮೆ ಅದೇ ಕಂಪನಿಯ ಬೇರೆ ಮಾದರಿಗೂ, ಹೊಂದುವುದಿಲ್ಲ. ಕಾರ್ಡ್ ಬದಿಯ ತುದಿಗೆ ಮಾನದಂಡವಿದೆ, ಎಸ್‌ಎಂಪಿಎಸ್ ಬದಿಯ 8 ಪಿನ್ನಿಗೆ ಇಲ್ಲ. ಕೇಬಲ್ ಸರಿಯಾಗಿ ಕೂತರೂ ಯಾವ ಪಿನ್ನಿನಲ್ಲಿ ಏನು ಬರುತ್ತದೆ ಎಂಬುದು ಬೇರೆಯಾಗಿ, ಆನ್ ಮಾಡಿದ ಕ್ಷಣವೇ ಭಾಗಗಳು ಸುಡಬಹುದು.

ಡೆಲ್, ಎಚ್‌ಪಿ, ಲೆನೊವೊಗಳ ರೆಡಿಮೇಡ್ ಕಂಪ್ಯೂಟರ್‌ಗಳಲ್ಲಿ 180ರಿಂದ 300 ವ್ಯಾಟ್‌ನ ಎಸ್‌ಎಂಪಿಎಸ್ ಇರುವುದು, ಕಾರ್ಡ್‌ಗೆ ಒಂದೂ ಕೇಬಲ್ ಇಲ್ಲದಿರುವುದು ಮಾಮೂಲು. ಮದರ್‌ಬೋರ್ಡ್ ಕನೆಕ್ಟರ್ 24 ಪಿನ್ ಅಲ್ಲದಿದ್ದರೆ ಅಂಗಡಿಯ ಸಾಮಾನ್ಯ ಎಸ್‌ಎಂಪಿಎಸ್ ನೇರವಾಗಿ ಹೊಂದದು. ಇಂಥವಕ್ಕೆ ಹೊರಗಿನ ಕೇಬಲ್ ಬೇಡದ, ಸ್ಲಾಟ್‌ನ 75 ವ್ಯಾಟ್‌ನಲ್ಲೇ ಓಡುವ ಕಾರ್ಡ್ ಉತ್ತಮ: ಜಿಟಿಎಕ್ಸ್ 1650ರ ಕೆಲವು ಮಾದರಿಗಳು, 6 ಜಿಬಿಯ ಆರ್‌ಟಿಎಕ್ಸ್ 3050. ಎನ್‌ವಿಡಿಯಾ ಇವಕ್ಕೆ 300 ವ್ಯಾಟ್ ಎಸ್‌ಎಂಪಿಎಸ್ ಸಾಕೆನ್ನುತ್ತದೆ.

ಹಾಕಿದ ಮೇಲೆ

ಕಾರ್ಡ್ ಹಾಕಿ, ಡ್ರೈವರ್ ಹಾಕಿದ ಮೇಲೆ ಓಸಿಸಿಟಿ ಎಂಬ ಸಾಫ್ಟ್‌ವೇರ್‌ನ ಪವರ್ ಪರೀಕ್ಷೆಯನ್ನು ಅರ್ಧ ಗಂಟೆ ಓಡಿಸಿ. ಅದು ಪ್ರೊಸೆಸರ್, ಕಾರ್ಡ್ ಎರಡಕ್ಕೂ ಒಟ್ಟಿಗೇ ಪೂರ್ಣ ಭಾರ ಹಾಕುತ್ತದೆ. ಒಂದೇ ಸಮನಾದ ಭಾರದಲ್ಲಿ ಕ್ಷಣದ ಏರಿಕೆಗಳು ಕಡಿಮೆ. ಆದ್ದರಿಂದ ಫ್ರೇಮ್ ಮಿತಿ ತೆಗೆದು ಒಂದು ಭಾರಿ ಆಟವನ್ನೂ ಒಂದು ಗಂಟೆ ಆಡಿ, ನಡುನಡುವೆ ಮೆನುಗೆ ಹೋಗಿ ಬನ್ನಿ. ಭಾರ ಏಕಾಏಕಿ ಇಳಿದು ಏರುವುದು ಆಗಲೇ. ಮಲ್ಟಿಮೀಟರ್ ಇದ್ದರೆ ಬಳಸದ ನಾಲ್ಕು ಪಿನ್ ಮೊಲೆಕ್ಸ್ ಕನೆಕ್ಟರ್‌ನ ಹಳದಿ ಮತ್ತು ಕಪ್ಪು ತಂತಿಗಳ ನಡುವೆ ಅಳೆಯಿರಿ, ತುದಿಗಳು ಪಕ್ಕದ ಪಿನ್ನಿಗೆ ತಾಗದಿರಲಿ. ಪೂರ್ಣ ಭಾರದಲ್ಲಿ 11.4ರಿಂದ 12.6 ವೋಲ್ಟ್ ನಡುವೆ ಇರಬೇಕು; 11.6ಕ್ಕಿಂತ ಕೆಳಗಿದ್ದರೆ ನಿಯಮದೊಳಗಿದ್ದರೂ ನೆಮ್ಮದಿಯ ಮಾತಲ್ಲ. ಮದರ್‌ಬೋರ್ಡ್ ಸೆನ್ಸರ್‌ನಿಂದ ಸಾಫ್ಟ್‌ವೇರ್ ತೋರಿಸುವ 12 ವೋಲ್ಟ್ ಅಂಕಿಯನ್ನು ನಂಬಿ ತೀರ್ಮಾನಿಸಬೇಡಿ, ಅದು ಬಹಳ ಸಲ ತಪ್ಪಾಗಿರುತ್ತದೆ.

ಭಾರ ಬಿದ್ದಾಗ ಕಂಪ್ಯೂಟರ್ ಫಕ್ಕನೆ ಪೂರ್ತಿ ಆರಿ, ಹಿಂಭಾಗದ ಸ್ವಿಚ್ ಒಮ್ಮೆ ಆಫ್ ಮಾಡಿ ಆನ್ ಮಾಡುವವರೆಗೆ ಎದ್ದೇಳದಿದ್ದರೆ ಎಸ್‌ಎಂಪಿಎಸ್‌ನ ರಕ್ಷಣಾ ಸರ್ಕ್ಯೂಟ್ ಅದನ್ನು ಆಫ್ ಮಾಡಿದೆ ಎಂದರ್ಥ. ತಾನಾಗಿ ರೀಸ್ಟಾರ್ಟ್ ಆಗಿ, ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಕರ್ನೆಲ್-ಪವರ್ 41 ಎಂದು ದಾಖಲಾಗಿದ್ದರೆ ವಿದ್ಯುತ್ ಕಡಿದಿರಬಹುದು, ಆದರೆ ಬೇರೆ ಕಾರಣಗಳಿಗೂ ಅದೇ ದಾಖಲೆ ಬರುತ್ತದೆ. ಪರದೆ ಮಾತ್ರ ಕಪ್ಪಾಗಿ ಕಾರ್ಡ್‌ನ ಫ್ಯಾನ್ ಜೋರಾಗಿ ತಿರುಗತೊಡಗಿದರೆ ಮೊದಲು ಕಾರ್ಡ್‌ನ ಕನೆಕ್ಟರ್ ಪೂರ್ತಿ ಕೂತಿದೆಯೇ ನೋಡಿ. ಸುಟ್ಟ ವಾಸನೆ ಬಂದರೆ ಪರೀಕ್ಷೆ ಮುಂದುವರಿಸದೆ ಪ್ಲಗ್ ಕಿತ್ತುಬಿಡಿ.

ಎಸ್‌ಎಂಪಿಎಸ್ ಅಂಚಿನಲ್ಲಿದೆ, ಹೊಸದು ತರಲು ಸ್ವಲ್ಪ ಸಮಯ ಬೇಕು ಎನ್ನುವವರು ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರ್‌ನಲ್ಲಿ ಕಾರ್ಡ್‌ನ ಪವರ್ ಲಿಮಿಟನ್ನು ಶೇ. 80ಕ್ಕೆ ಇಳಿಸಿ; ಕೆಲವು ಕಾರ್ಡ್‌ಗಳಲ್ಲಿ ಅಷ್ಟು ಕೆಳಗೆ ಬಿಡುವುದಿಲ್ಲ, ಬಿಟ್ಟಷ್ಟು ಇಳಿಸಿ. ಜೊತೆಗೆ ಫ್ರೇಮ್ ಸಂಖ್ಯೆಯನ್ನು ಮಾನಿಟರ್‌ನ ರಿಫ್ರೆಶ್ ದರಕ್ಕೆ ಮಿತಿಗೊಳಿಸಿ. ವೇಗ ಇಳಿಯುವುದು ಸಾಮಾನ್ಯವಾಗಿ ಶೇ. 10ರೊಳಗೆ, ಸರಾಸರಿ ಬಳಕೆ ಐದರಲ್ಲಿ ಒಂದು ಪಾಲು ತಗ್ಗುತ್ತದೆ. ಕ್ಷಣದ ಏರಿಕೆಗಳೂ ಕಡಿಮೆಯಾಗುತ್ತವೆ, ಪೂರ್ತಿ ನಿಲ್ಲುವುದಿಲ್ಲ. ಇಷ್ಟು ಮಾಡಿದ ಮೇಲೂ ಕಂಪ್ಯೂಟರ್ ಆರುತ್ತಿದ್ದರೆ ಹೊಸ ಎಸ್‌ಎಂಪಿಎಸ್ ಬರುವವರೆಗೆ ಹಳೆಯ ಕಾರ್ಡ್ ಮರಳಿ ಹಾಕಿ.